ಬಾರದ ರೈಲಿಗೆ ಯಾವ ಬಣ್ಣ?

ಕರ್ನಾಟಕದಲ್ಲಿ ಒಂದಡಿ ರೈಲು ಹಳಿಯೂ ಇಲ್ಲದ ಜಿಲ್ಲೆ ಕೊಡಗು. ಆಫೀಸಿನಲ್ಲಿ ಈ ಮಾತು ಹೇಳಿದಾಗೆಲ್ಲ ಯಾರಾದ್ರೂ ಒಬ್ಬರು ಫೋನ್ ತೆಗೆದು ಚೆಕ್ ಮಾಡ್ತಾರೆ. ಮಾಡಲಿ. ನಮ್ಮೂರಿಗೆ ರೈಲಲ್ಲಿ ಬರ್ತೀನಿ ಅನ್ನೋರು ಮೈಸೂರಲ್ಲೋ, ಸುಬ್ರಹ್ಮಣ್ಯ ರೋಡ್‌ನಲ್ಲೋ, ಆ ಕಡೆ ಕಣ್ಣೂರು–ತಲಶ್ಶೇರಿಯಲ್ಲೋ ಇಳಿದು ಬಸ್ಸು ಹತ್ತಲೇಬೇಕು. ಜಿಲ್ಲೆಯೊಳಗೆ ಹಳಿ ಮೇಲೆ ಓಡಿದ್ದು ಅಂತ ನಾನು ಕಣ್ಣಾರೆ ಕಂಡಿರೋದು ಮಡಿಕೇರಿ ರಾಜಾಸೀಟ್ ಪಕ್ಕದ ಪುಟಾಣಿ ರೈಲೊಂದನ್ನೇ.

ಅಂಥ ಊರಿನಲ್ಲಿ ಹುಟ್ಟಿದ ನನಗೆ ಮಾಡೆಲ್ ರೈಲಿನ ಹುಚ್ಚು ಹಿಡಿದಿದೆ. ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ, ಕಡಿಮೆ ದುಡ್ಡಿನಲ್ಲಿ, ಒಂದು ಹಳೇ ಡೀಸೆಲ್ ಎಂಜಿನ್ ಮಾಡೆಲನ್ನು ಬಿಚ್ಚಿ ನನಗೆ ಬೇಕಾದ ಹಾಗೆ ಮರುಕಟ್ಟೋಕೆ ಹೊರಟೆ. ಈ ಹವ್ಯಾಸದವರಿಗೆ ಬಣ್ಣ ಯಾವುದು, ನಂಬರ್ ಏನು ಅನ್ನೋದು ದೊಡ್ಡ ಪ್ರಶ್ನೆಯಲ್ಲ. ತಮ್ಮೂರಿನ ಸ್ಟೇಷನ್ನಿನ ಹಳೇ ಫೋಟೋ ಹುಡುಕ್ತಾರೆ, ಅದರಲ್ಲಿರೋ ಎಂಜಿನ್ ನೋಡಿ ಹಾಗೇ ಮಾಡ್ತಾರೆ. ನನಗೆ ಅಂಥ ಫೋಟೋ ಸಿಗೋ ಹಾಗಿಲ್ಲ. ಮಡಿಕೇರಿಗೆ ಬಂದ ಎಂಜಿನ್ ಅಂದ್ರೆ ಯಾವ ವರ್ಷ ಬಂದದ್ದು? ಯಾವ ಗೇಜ್? ಯಾವ ರೈಲ್ವೆಯ ಹೆಸರು? ಬ್ರಷ್ ಅದ್ದೋಕೆ ಮೊದಲೇ ಇಷ್ಟಕ್ಕೂ ಉತ್ತರ ಬೇಕು. ಬಣ್ಣದ ಡಬ್ಬಿ ಪಕ್ಕಕ್ಕಿಟ್ಟು ಇತಿಹಾಸ ಓದಬೇಕಾಗಿ ಬಂದದ್ದು ಹೀಗೆ.

ಮೊದಲು ಅಳತೆಯ ಲೆಕ್ಕ. ಇದು ಸ್ವಲ್ಪ ಗಣಿತ, ಆದ್ರೆ ಇಲ್ಲಿಂದಲೇ ಎಲ್ಲ ಶುರುವಾಗೋದು. ಜಗತ್ತಿನಲ್ಲಿ ಅತಿ ಹೆಚ್ಚು ಸಿಗುವ ಮಾಡೆಲ್ ರೈಲು ಎಚ್‌ಒ ಅಳತೆಯದು, ಅಂದರೆ ನಿಜದ 87ನೇ ಒಂದು ಪಾಲು. ಅದರ ಹಳಿಯ ಅಗಲ 16.5 ಮಿಲಿಮೀಟರ್. ಎರಡನ್ನೂ ಗುಣಿಸಿದರೆ 1435 ಮಿ.ಮೀ. ಬರುತ್ತೆ. ಅದು ಅಮೆರಿಕ, ಯುರೋಪಿನ ಸ್ಟ್ಯಾಂಡರ್ಡ್ ಗೇಜ್. ಬೆಂಗಳೂರಿನಲ್ಲಿ ಆ ಅಳತೆಗೆ ಹೊಂದೋದು ನಮ್ಮ ಮೆಟ್ರೋ ಮಾತ್ರ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದರೆ ಹಳಿ 19.3 ಮಿ.ಮೀ. ಅಗಲ ಇರಬೇಕು. ಅಂಥ ಹಳಿ ಅಂಗಡಿಯಲ್ಲಿ ಸಿಗಲ್ಲ. ಹಾಗಾಗಿ ನಮ್ಮವರು ಬಹಳ ಮಂದಿ 16.5ರ ಹಳಿಯ ಮೇಲೇ ಭಾರತದ ಎಂಜಿನ್ ಓಡಿಸ್ತಾರೆ. ಅಗಲವಾದ ಮೈ, ಇಕ್ಕಟ್ಟಾದ ಕಾಲು. ನನಗದು ಯಾವಾಗಲೂ ಬಿಗಿ ಪ್ಯಾಂಟ್ ಹಾಕಿಕೊಂಡ ಪೈಲ್ವಾನನ ಹಾಗೆ ಕಾಣುತ್ತೆ.

ಆದರೆ ಅದೇ 16.5ರ ಹಳಿಯನ್ನು ಮೀಟರ್‌ಗೇಜ್ ಅಂದುಕೊಳ್ಳಿ. ನಿಜದ 64ನೇ ಒಂದು ಪಾಲಿನ ಲೆಕ್ಕದಲ್ಲಿ ಮೈ ಕಟ್ಟಿದರೆ ಹಳಿ 15.6 ಮಿ.ಮೀ. ಇದ್ದರೆ ಸಾಕು. ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹವ್ಯಾಸಿಗಳು ತಮ್ಮ ಮೂರೂವರೆ ಅಡಿ ಗೇಜಿಗೆ ಈ ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಲಾಭ ಎರಡು. ಸೆಕೆಂಡ್‌ಹ್ಯಾಂಡ್ ಎಚ್‌ಒ ಎಂಜಿನ್‌ನ ಕೆಳಗಿನ ಚಾಸಿ, ಮೋಟರ್, ಗಾಲಿ ಹಾಗೇ ಉಪಯೋಗಕ್ಕೆ ಬರುತ್ತೆ. ಇನ್ನೊಂದು, ಹಾಟ್‌ವೀಲ್ಸ್ ಕಾರುಗಳು ಹೆಚ್ಚುಕಮ್ಮಿ ಇದೇ 1:64 ಅಳತೆಯವು. ಸ್ಟೇಷನ್ ಮುಂದೆ ನಿಲ್ಲಿಸೋಕೆ ಜೀಪು ಬೇಕಂದ್ರೆ ಸೂಪರ್‌ಮಾರ್ಕೆಟ್ ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲೇ ಸಿಗುತ್ತೆ. ಕೊಡಗು ಅಂದಮೇಲೆ ಜೀಪು ಇಲ್ಲದೆ ಆಗುತ್ತಾ!

ಹೀಗೆ ಬಜೆಟ್ಟೇ ನನ್ನನ್ನು ಮೀಟರ್‌ಗೇಜಿಗೆ ತಂದು ನಿಲ್ಲಿಸಿತು. ಅಲ್ಲಿಗೆ ಬಂದು ನೋಡಿದರೆ ಇತಿಹಾಸವೂ ಅಲ್ಲೇ ಕಾಯ್ತಾ ಇತ್ತು.

ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದದ್ದು 1882ರಲ್ಲಿ, ಮೀಟರ್‌ಗೇಜ್. ಅಲ್ಲಿಂದ 1891ರಲ್ಲಿ ನಂಜನಗೂಡಿಗೆ ಹೋಯಿತು. 1918ರಲ್ಲಿ ಮೈಸೂರು–ಅರಸೀಕೆರೆ. ಪಶ್ಚಿಮದಲ್ಲಿ ಕರಾವಳಿ ಹಿಡಿದು ಮಂಗಳೂರಿಗೆ 1907ರಲ್ಲಿ. ಭೂಪಟ ತೆಗೆದು ನೋಡಿ: ಹಳಿ ಕೊಡಗಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ, ಒಳಗೆ ಕಾಲಿಟ್ಟಿಲ್ಲ. ಬ್ರಿಟಿಷರಿಗೆ ಕಾಫಿ ಬೇಕಿತ್ತು, ಅವರೇ ಬೆಳೆದಿದ್ದರು. ಆದರೂ ಆ ಕಾಫಿ ಎತ್ತಿನ ಗಾಡಿಯಲ್ಲೇ ಘಟ್ಟ ಇಳಿದು ತಲಶ್ಶೇರಿ, ಮಂಗಳೂರು ಬಂದರುಗಳಿಗೆ ಹೋಯಿತು. ತಲಶ್ಶೇರಿಯಿಂದ ಕೊಡಗಿನ ಮೇಲೆ ಮೈಸೂರಿಗೆ ರೈಲು ಅನ್ನೋ ಮಾತು ಬ್ರಿಟಿಷರ ಕಾಲದಿಂದ ಆಗಾಗ ಎದ್ದು ಮಲಗುತ್ತಲೇ ಇದೆ.

ಘಟ್ಟ ಹತ್ತಿಸೋಕೆ ಅವರಿಗೆ ಬರ್ತಿರಲಿಲ್ಲ ಅಂತಲ್ಲ. ನಮ್ಮ ಪಕ್ಕದ ನೀಲಗಿರಿಯಲ್ಲಿ 1899ರಲ್ಲೇ ಕೂನೂರಿಗೆ, 1908ರಲ್ಲಿ ಊಟಿಗೆ ರೈಲು ಹತ್ತಿತು. ಅದಕ್ಕಾಗಿ ಹಳಿಯ ನಡುವೆ ಹಲ್ಲಿನ ಪಟ್ಟಿ ಹಾಕಿ, 12 ಅಡಿಗೆ ಒಂದಡಿ ಏರುವ ದಾರಿ ಮಾಡಿದರು. ಊಟಿ ಮದ್ರಾಸ್ ಸರ್ಕಾರದ ಬೇಸಿಗೆ ರಾಜಧಾನಿ. ದೊರೆಗಳೇ ಬೆವರಿಳಿಸಿಕೊಂಡು ಹತ್ತಬೇಕಾದ ಬೆಟ್ಟಕ್ಕೆ ರೈಲು ಬಂತು. ಕಾಫಿ ಮೂಟೆ ಬೆವರಲ್ಲ, ಅದು ಗಾಡಿಯಲ್ಲೇ ಹೋಯಿತು. ನನ್ನ ಓದು ಇದು. ಒಪ್ಪದವರು ಜಗಳಕ್ಕೆ ಬರಬಹುದು.

ಇನ್ನು ಸಿ.ಎಂ. ಪೂಣಚ್ಚನವರ ವಿಷಯ. ನನ್ನ ತಲೆಮಾರಿನ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರೋ ತನಕ ಅದೇ ಒಂದು ಪುಟ್ಟ ರಾಜ್ಯ. 1952ರಿಂದ 56ರವರೆಗೆ ಅದರ ಮುಖ್ಯಮಂತ್ರಿ ಪೂಣಚ್ಚನವರು. ಅವರೇ ಮುಂದೆ ಕೇಂದ್ರಕ್ಕೆ ಹೋಗಿ 1967ರಿಂದ 1969ರವರೆಗೆ ಭಾರತದ ರೈಲ್ವೆ ಮಂತ್ರಿಯಾದರು. ರೈಲೇ ಇಲ್ಲದ ನಾಡಿನವರ ಕೈಯಲ್ಲಿ ಇಡೀ ದೇಶದ ರೈಲು! ಊರಿನ ಹಿರಿಯರು ಇದನ್ನು ಹೇಳುವಾಗ ಕೊನೆಗೊಂದು ನಿಟ್ಟುಸಿರು ಸೇರಿಸ್ತಾರೆ, ‘ಆದರೂ ಬರಲಿಲ್ಲ ನೋಡು’ ಅಂತ. ಅದು ಅನ್ಯಾಯದ ನಿಟ್ಟುಸಿರು ಅಂತ ನನಗನ್ನಿಸುತ್ತೆ. ಆ ವರ್ಷಗಳ ದೇಶದ ಸ್ಥಿತಿ ನೆನಪಿಸಿಕೊಳ್ಳಿ. ಎರಡು ಯುದ್ಧ ಮುಗಿದಿತ್ತು, ಬರಗಾಲ ಹಿಂಡಿತ್ತು, 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ್ದರು, ಪಂಚವಾರ್ಷಿಕ ಯೋಜನೆಯನ್ನೇ ಮೂರು ವರ್ಷ ಪಕ್ಕಕ್ಕಿಟ್ಟು ವರ್ಷಕ್ಕೊಂದು ಯೋಜನೆ ಮಾಡ್ತಿದ್ದರು. ಅಂಥ ಹೊತ್ತಲ್ಲಿ ತನ್ನೂರಿನ ಘಟ್ಟಕ್ಕೆ ಹಳಿ ಹಾಕಿಸೋ ಮಂತ್ರಿಯನ್ನು ನಾವು ಹೊಗಳ್ತಿದ್ದೆವೋ, ಬೈತಿದ್ದೆವೋ?

ಆದರೆ ನನ್ನ ಕೆಲಸಕ್ಕೆ ಬೇಕಾದದ್ದು ಆ ದಿನಾಂಕ. ಒಂದು ವೇಳೆ ಪೂಣಚ್ಚನವರ ಕಾಲದಲ್ಲಿ ಕೊಡಗಿಗೆ ಮಾರ್ಗ ಮಂಜೂರಾಗಿದ್ದರೆ, ಅದು ಮೈಸೂರಿನಿಂದಲೇ ಹೊರಡಬೇಕಿತ್ತು. ಮೈಸೂರಿನ ಹಳಿಯೆಲ್ಲ ಆಗ ಮೀಟರ್‌ಗೇಜ್. ಬೆಂಗಳೂರು–ಮೈಸೂರು ಬ್ರಾಡ್‌ಗೇಜ್ ಆಗಿದ್ದೇ 1993ರಲ್ಲಿ. ಅಂದಮೇಲೆ ನಮ್ಮ ರೈಲು ಖಂಡಿತ ಮೀಟರ್‌ಗೇಜ್. ಮತ್ತೆ ಆ 1968ರಲ್ಲೇ, ವಾರಣಾಸಿಯ ಡೀಸೆಲ್ ಎಂಜಿನ್ ಕಾರ್ಖಾನೆ ಮೊದಲ ಬಾರಿಗೆ ಮೀಟರ್‌ಗೇಜಿನ ಡೀಸೆಲ್ ಎಂಜಿನ್ ಕಟ್ಟೋಕೆ ಶುರುಮಾಡಿತು. ಹೆಸರು ವೈಡಿಎಂ-4. ವೈ ಅಂದರೆ ಮೀಟರ್‌ಗೇಜ್, ಡಿ ಅಂದರೆ ಡೀಸೆಲ್, ಎಂ ಅಂದರೆ ಸರಕು–ಪ್ರಯಾಣಿಕ ಎರಡಕ್ಕೂ ಆಗುವಂಥದ್ದು.

ಈ ವೈಡಿಎಂ-4ರ ಕಥೆ ಓದ್ತಾ ಓದ್ತಾ ನನಗೆ ನನ್ನ ಮೇಜಿನ ಮೇಲಿನ ಕೆಲಸದ ಬಗ್ಗೆ ಇದ್ದ ಸಂಕೋಚ ಹೋಯಿತು. ಅದರ ಮೂಲ ವಿನ್ಯಾಸ ಅಮೆರಿಕದ ಆಲ್ಕೋ ಕಂಪನಿಯದು, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನದು. 60ರ ದಶಕದ ಶುರುವಿನಲ್ಲಿ ಅಲ್ಲಿಂದಲೂ ಕೆನಡಾದಿಂದಲೂ ತಯಾರಾದ ಎಂಜಿನ್‌ಗಳನ್ನೇ ತರಿಸಿದರು. ಆರು ಸಿಲಿಂಡರ್, ಸುಮಾರು 1400 ಅಶ್ವಶಕ್ತಿ, 72 ಟನ್ ತೂಕ, ಆರು ಅಚ್ಚು. ಅಚ್ಚಿಗೆ 12 ಟನ್ನಿನಂತೆ ಹಗುರ ಹಳಿಯನ್ನೂ ನೋಯಿಸದಂಥದ್ದು. ಆಮೇಲೆ ವಿನ್ಯಾಸ ಪಡೆದು ಇಲ್ಲೇ ಕಟ್ಟಿದರು. ಆಲ್ಕೋ 1969ರಲ್ಲಿ ಎಂಜಿನ್ ಮಾಡೋದನ್ನೇ ನಿಲ್ಲಿಸಿತು. ತಾಯಿ ಕಂಪನಿ ಬಾಗಿಲು ಹಾಕಿದ ಮೇಲೂ ವಾರಣಾಸಿಯಲ್ಲಿ ಅದೇ ಎಂಜಿನ್ ದಶಕಗಳ ಕಾಲ ಹುಟ್ಟುತ್ತಲೇ ಇತ್ತು. ಬ್ರಾಡ್‌ಗೇಜಿನ ಅಣ್ಣ ಡಬ್ಲ್ಯುಡಿಎಂ-2ರ ಕಥೆಯೂ ಇದೇ. ಇಲ್ಲಿನ ಧೂಳು, ಇಲ್ಲಿನ ಸೆಕೆ, ಇಲ್ಲಿನ ದುಡ್ಡಿಗೆ ತಕ್ಕ ಹಾಗೆ ಅದನ್ನು ಬದಲಾಯಿಸ್ತಾ ಹೋದರು. ಶೆಡ್ಡಿಗೊಂದು ಬಣ್ಣ, ಶೆಡ್ಡಿಗೊಂದು ಪಟ್ಟೆ. ವೈಡಿಎಂ-4 ವಿಯೆಟ್ನಾಂ, ಮಲೇಷ್ಯಾ, ತಾಂಜಾನಿಯಾಗಳಿಗೂ ಹೋಗಿ ಅಲ್ಲಿನ ವೇಷ ಹಾಕಿಕೊಂಡಿತು. ತೀರ ಈಚೆಗೆ, ವಾರಣಾಸಿಯಲ್ಲೇ ಹಳೇ ಡೀಸೆಲ್ ಎಂಜಿನ್ನಿನ ಹೊಟ್ಟೆ ಬಗೆದು ಅದನ್ನು ವಿದ್ಯುತ್ ಎಂಜಿನ್ ಮಾಡಿದರು. 2019ರ ಫೆಬ್ರವರಿಯಲ್ಲಿ ಪ್ರಧಾನಿಯೇ ಅದಕ್ಕೆ ಹಸಿರು ಬಾವುಟ ಬೀಸಿದರು. ಇನ್ನೊಬ್ಬರು ಮಾಡಿದ ಮೈಯನ್ನು ತಂದು, ಕೈಯಲ್ಲಿರೋ ದುಡ್ಡಿನಲ್ಲಿ ನಮ್ಮದಾಗಿಸಿಕೊಳ್ಳೋದು: ಆರು ಸಾವಿರ ರೂಪಾಯಿಯಲ್ಲಿ ನಾನು ಮಾಡೋಕೆ ಹೊರಟದ್ದೂ ಅದನ್ನೇ.

ಇದೇ ಕುಟುಂಬದ ಇನ್ನೊಂದು ಎಂಜಿನ್ ಅಲಾಸ್ಕಾದ ವೈಟ್ ಪಾಸ್ ರೈಲಿನಲ್ಲಿದೆ. ಅದರ ಮಾಡೆಲನ್ನು ಜರ್ಮನಿಯ ಎಲ್‌ಜಿಬಿ ಕಂಪನಿ ದೊಡ್ಡ ಅಳತೆಯಲ್ಲಿ ಮಾಡಿ ಮಾರಿದೆ. ಬೆಲೆ ನೋಡಿದೆ, ಬ್ರೌಸರ್ ಮುಚ್ಚಿದೆ.

ಈಗ ಕೆಲಸ. ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಓಡದೆ ನಿಂತ ಅಮೆರಿಕನ್ ಎಚ್‌ಒ ಡೀಸೆಲ್ ಎಂಜಿನ್ ಒಂದನ್ನು 3,500 ರೂಪಾಯಿಗೆ ತಂದೆ. ಆರು ಅಚ್ಚಿನದೇ ಬೇಕು ಅಂತ ಹುಡುಕಿ ತಂದದ್ದು. ಹಳೇ ಮಾಡೆಲ್ ಓಡದಿದ್ದರೆ ನೂರಕ್ಕೆ ಎಂಬತ್ತು ಸಲ ಮೋಟರ್ ಸತ್ತಿರಲ್ಲ; ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿರುತ್ತೆ ಅಥವಾ ಗಾಲಿಗೆ ಕಿಲುಬು ಹಿಡಿದಿರುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಗೇರುಗಳನ್ನು ತೊಳೆದು, ಹೊಲಿಗೆ ಮೆಷೀನಿನ ಎಣ್ಣೆ ಒಂದೊಂದು ತೊಟ್ಟು ಬಿಟ್ಟು, ಗಾಲಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಹನ್ನೆರಡು ವೋಲ್ಟ್ ಕೊಟ್ಟಾಗ ಗುರ್ ಅಂದಿತು. ಅಷ್ಟು ಹೊತ್ತಿಗೆ ಖರ್ಚಾದದ್ದು ಇನ್ನೂರು ರೂಪಾಯಿ ಚಿಲ್ಲರೆ.

ಮೇಲಿನ ಅಮೆರಿಕನ್ ಮೈ ತೆಗೆದಿಟ್ಟು ಹೊಸ ಮೈ ಕಟ್ಟಬೇಕು. ವೈಡಿಎಂ-4ರ ಆಕಾರ ಕಟ್ಟೋಕೆ ಸುಲಭ: ಉದ್ದನೆಯ ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಎಂಜಿನ್, ಒಂದು ತುದಿಗೆ ಹತ್ತಿರ ಡ್ರೈವರ್ ಕೋಣೆ, ಅದರಾಚೆ ಒಂದು ಗಿಡ್ಡ ಪೆಟ್ಟಿಗೆ, ಎರಡೂ ಬದಿಗೆ ನಡೆಯೋಕೆ ಜಾಗ, ಅದಕ್ಕೆ ಕಂಬಿ. ವಕ್ರರೇಖೆ ಕಡಿಮೆ, ಹಾಗಾಗಿ ಹಾಳೆ ಕತ್ತರಿಸೋರಿಗೆ ಹೇಳಿ ಮಾಡಿಸಿದ ಎಂಜಿನ್. ಫ್ಲೆಕ್ಸ್ ಪ್ರಿಂಟ್ ಅಂಗಡಿಯಲ್ಲಿ ಉಳಿದ ಸನ್‌ಬೋರ್ಡ್ ತುಂಡುಗಳು ಸಿಗುತ್ತವೆ. ಒಳಗಿನ ಚೌಕಟ್ಟು ಅದರದ್ದು. ಹೊರಗಿನ ನಯವಾದ ಗೋಡೆಗೆ ಅವಧಿ ಮುಗಿದ ಡೆಬಿಟ್ ಕಾರ್ಡುಗಳು. ಎಲ್ಲಾ ಬ್ಯಾಂಕಿನ ಕಾರ್ಡೂ ಒಂದೇ ದಪ್ಪ, 0.76 ಮಿ.ಮೀ.; ಇಂಥ ಏಕರೂಪದ ಪ್ಲಾಸ್ಟಿಕ್ ಹಾಳೆ ಹವ್ಯಾಸದ ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೋಬೇಕು. ಆಫೀಸಿನಲ್ಲಿ ಕೇಳಿದರೆ ಸಾಕು, ಹಳೇ ಮೆಟ್ರೋ ಕಾರ್ಡು, ಜಿಮ್ ಕಾರ್ಡು, ಬಿಟ್ಟು ಬಂದ ಕಂಪನಿಗಳ ಐಡಿ ಕಾರ್ಡು ಎಲ್ಲ ತಂದು ಕೊಡ್ತಾರೆ. ನನ್ನ ಎಂಜಿನ್ನಿನ ಎಡಗೋಡೆಯೊಳಗೆ ಮೂರು ಸ್ಟಾರ್ಟ್‌ಅಪ್‌ಗಳು ಹೂತುಹೋಗಿವೆ.

ಕಂಬಿಗೆ ಅರ್ಧ ಮಿಲಿಮೀಟರಿನ ತಾಮ್ರದ ತಂತಿ. 64ರಿಂದ ಗುಣಿಸಿದರೆ 32 ಮಿ.ಮೀ., ಮನುಷ್ಯನ ಕೈ ಹಿಡಿಯೋಕೆ ಸರಿಯಾದ ದಪ್ಪ. ರೇಡಿಯೇಟರಿನ ಜಾಲರಿಗೆ ಟೀ ಸೋಸೋ ಹಳೇ ಜರಡಿ ಕತ್ತರಿಸಿದೆ. ಹಾರ್ನಿಗೆ ಬಾಲ್‌ಪೆನ್ ರಿಫಿಲ್ಲಿನ ತುದಿ. ಹೆಡ್‌ಲೈಟಿಗೆ ಎಸ್.ಪಿ. ರೋಡಿನಿಂದ ತಂದ ಬೆಚ್ಚಗಿನ ಬಿಳಿ ಬಣ್ಣದ ಎಲ್ಇಡಿ, ಜೊತೆಗೆ ಒಂದು ಸಾವಿರ ಓಮ್‌ನ ರೆಸಿಸ್ಟರ್. ಅದಿಲ್ಲದೆ ಹನ್ನೆರಡು ವೋಲ್ಟಿಗೆ ನೇರ ಕೊಟ್ಟರೆ ಎಲ್ಇಡಿ ಒಂದೇ ಸಲ ಜೋರಾಗಿ ಬೆಳಗಿ ಆರಿಹೋಗುತ್ತೆ. ನೀಲಿಛಾಯೆಯ ಬಿಳಿ ಎಲ್ಇಡಿ ತಗೋಬೇಡಿ. 1970ರ ದಶಕದ ಎಂಜಿನ್ನಿಗೆ ಇಂದಿನ ಬೈಕಿನ ಕಣ್ಣು ಇಟ್ಟ ಹಾಗಾಗುತ್ತೆ.

ಹೊಂದದೇ ಇರೋದೂ ಇದೆ. ಎಚ್‌ಒ ಗಾಲಿಗಳು ಹನ್ನೆರಡು ಮಿಲಿಮೀಟರಿನ ಆಸುಪಾಸು. 64ರ ಲೆಕ್ಕದಲ್ಲಿ ವೈಡಿಎಂ-4ಕ್ಕೆ ಹದಿನೈದು ಇರಬೇಕು. ಗಾಲಿಗಳ ಪಕ್ಕದ ಚೌಕಟ್ಟನ್ನು ಸ್ವಲ್ಪ ಕೆಳಗಿಳಿಸಿ ಕಟ್ಟಿ ಆ ಕೊರತೆ ಮುಚ್ಚಿದೆ. ಮೂರಡಿ ದೂರದಿಂದ ನೋಡಿದರೆ ಗೊತ್ತಾಗಲ್ಲ. ಅದಕ್ಕಿಂತ ಹತ್ತಿರ ಬರೋರಿಗೆ ಕಾಫಿ ಕೊಟ್ಟು ಕೂರಿಸ್ತೀನಿ.

ಮತ್ತೆ ಬಣ್ಣದ ಪ್ರಶ್ನೆ. ಪೂಣಚ್ಚನವರ ಕಾಲದಲ್ಲಿ ಮಂಜೂರಾಗಿದ್ದರೂ ಘಟ್ಟದ ಮಾರ್ಗ ಒಂದೆರಡು ವರ್ಷದಲ್ಲಿ ಮುಗಿಯೋ ಕೆಲಸ ಅಲ್ಲ. ಪಕ್ಕದ ಹಾಸನ–ಮಂಗಳೂರು ಮಾರ್ಗ ನೋಡಿ, 60ರ ದಶಕದಲ್ಲಿ ಕೆಲಸ ಹಿಡಿದದ್ದು, ಮೀಟರ್‌ಗೇಜಿನಲ್ಲಿ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಆ ಏರು ಹತ್ತಿದ್ದು ವೈಡಿಎಂ-4ಗಳು. ಹಾಗಾಗಿ ನನ್ನ ಕಲ್ಪನೆಯ ಮಡಿಕೇರಿ ರೈಲೂ 1979ರದ್ದು ಅಂತ ತೀರ್ಮಾನಿಸಿದೆ. ಆ ವರ್ಷ ಮೈಸೂರು ದಕ್ಷಿಣ ರೈಲ್ವೆಗೆ ಸೇರಿತ್ತು. ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆ ಹುಟ್ಟಿದ್ದು 2003ರಲ್ಲಿ. ಅಂದಮೇಲೆ ಎಂಜಿನ್ ಮೇಲೆ ‘ಎಸ್ ಆರ್’, ಹಿಂದಿಯಲ್ಲಿ ‘ದ ರೇ’. ನಂಬರ್ ನಾಲ್ಕಂಕಿ, ವೈಡಿಎಂ-4ಗಳ ಹಾಗೆ 6ರಿಂದ ಶುರು, ಕೊನೆಗೆ ನನ್ನ ವರ್ಷ: 6979.

ಮೈಗೆ ಗಾಢ ಕೆಂಪು, ನಡುವೆ ಹಳದಿ ಪಟ್ಟೆ ಆರಿಸಿಕೊಂಡೆ. ಕ್ರಮ ಮುಖ್ಯ. ಮೊದಲು ಇಡೀ ಮೈಗೆ ಗಾಡಿ ರಿಪೇರಿಯವರ ಬೂದು ಪ್ರೈಮರ್. ಅದರ ಮೇಲೆ ಹಳದಿ. ಹಳದಿ ಒಣಗಿದ ಮೇಲೆ ಪಟ್ಟೆಯ ಜಾಗಕ್ಕೆ ಟೇಪ್ ಅಂಟಿಸಿ, ಟೇಪಿನ ಅಂಚಿಗೆ ಇನ್ನೊಮ್ಮೆ ತೆಳುವಾಗಿ ಹಳದಿಯನ್ನೇ ಹೊಡೀಬೇಕು. ಟೇಪಿನಡಿ ನುಸುಳೋದೇನಿದ್ದರೂ ಹಳದಿಯೇ ನುಸುಳಲಿ ಅಂತ. ಆಮೇಲೆ ಕೆಂಪು. ಟೇಪ್ ಕಿತ್ತಾಗ ಪಟ್ಟೆ ಗೆರೆ ಎಳೆದ ಹಾಗೆ ಬರುತ್ತೆ. ಉಲ್ಟಾ ಮಾಡಿ ಕೆಂಪಿನ ಮೇಲೆ ಹಳದಿ ಹೊಡೆದರೆ ಐದು ಕೋಟ್ ಆದರೂ ಹಳದಿ ಮಂಕಾಗೇ ಇರುತ್ತೆ.

ಅಕ್ಷರ ಇನ್ನೊಂದು ತಲೆನೋವು. ಮನೆಯ ಪ್ರಿಂಟರ್ ಹಳದಿ ಅಕ್ಷರವನ್ನು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸುತ್ತೆ, ಆದ್ರೆ ಕೆಂಪಿನ ಮೇಲಿಟ್ಟರೆ ಶಾಯಿ ಕಾಣೋದೇ ಇಲ್ಲ. ಬೈಕ್ ನಂಬರ್ ಪ್ಲೇಟ್ ಮಾಡೋ ರೇಡಿಯಂ ಸ್ಟಿಕರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಐದು ಮಿಲಿಮೀಟರ್ ಎತ್ತರದ ಅಕ್ಷರ ಅಂದ ಕೂಡಲೇ ‘ಸಾರ್, ಇರುವೆ ಬೈಕಾ?’ ಅಂದ. ಆದರೂ ಕತ್ತರಿಸಿ ಕೊಟ್ಟ. ಐವತ್ತು ರೂಪಾಯಿ.

ಹೊಸ ಬಣ್ಣ ಹೊಳೆಯುವ ಎಂಜಿನ್ ಆಟದ ಸಾಮಾನಿನ ಹಾಗೇ ಕಾಣುತ್ತೆ. ಅದನ್ನು ಮುದಿಯಾಗಿಸಬೇಕು. ಆಲ್ಕೋ ಎಂಜಿನ್‌ಗಳು ವೇಗ ಹಿಡಿಯುವಾಗ ಕಪ್ಪು ಹೊಗೆ ಉಗುಳೋದಕ್ಕೆ ಹೆಸರುವಾಸಿ, ಹಾಗಾಗಿ ಹೊಗೆ ಕೊಳವೆಯ ಸುತ್ತ, ಛಾವಣಿ ಮೇಲೆ ಮಸಿ ಇರಲೇಬೇಕು. ಊರಿಗೆ ಫೋನ್ ಮಾಡಿ, ಕಾಫಿಪುಡಿ ಪಾರ್ಸೆಲ್ ಜೊತೆ ಸೌದೆ ಒಲೆಯ ಮಸಿ ಒಂದು ಪೊಟ್ಟಣ, ಅಂಗಳದ ಕೆಂಪು ಮಣ್ಣು ಒಂದು ಪೊಟ್ಟಣ ಕಳಿಸಮ್ಮ ಅಂದೆ. ‘ಮಣ್ಣು ಯಾಕೋ, ಬೆಂಗಳೂರಲ್ಲಿ ಇಲ್ವಾ?’ ಅಂದ್ಲು ಅಮ್ಮ. ಇದೆ, ಆದ್ರೆ ಆ ಬಣ್ಣದ್ದಲ್ಲ. ಮಣ್ಣನ್ನು ಹಳೇ ಪಂಚೆಯಲ್ಲಿ ಎರಡು ಸಲ ಜರಡಿ ಹಿಡಿದು, ಮೆತ್ತನೆ ಬ್ರಷ್ಷಿನಲ್ಲಿ ಗಾಲಿಗಳ ಮೇಲೆ, ಮೆಟ್ಟಿಲುಗಳ ಮೇಲೆ ಸವರಿ, ಮೇಲೆ ಮ್ಯಾಟ್ ವಾರ್ನಿಷ್ ಹೊಡೆದೆ. ರೈಲು ಕೊಡಗಿಗೆ ಬರಲಿಲ್ಲ. ಕೊಡಗು ರೈಲಿಗೆ ಅಂಟಿಕೊಂಡಿತು. ಒಟ್ಟು ಖರ್ಚು 5,300 ರೂಪಾಯಿ.

ಎಂಜಿನ್ ಆಯ್ತು. ಅದಕ್ಕೊಂದು ಘಟ್ಟ ಬೇಕಲ್ಲ? ಇಲ್ಲಿ ನನ್ನ ಮನೆಯೂ ನನ್ನ ಜಿಲ್ಲೆಯೂ ಒಂದೇ ಸಮಸ್ಯೆ ಮುಂದೆ ತಂದಿಟ್ಟವು. ಉಕ್ಕಿನ ಗಾಲಿ ಉಕ್ಕಿನ ಹಳಿ ಮೇಲೆ ಹೆಚ್ಚು ಏರು ಹತ್ತಲ್ಲ. ಸುಬ್ರಹ್ಮಣ್ಯ ಘಟ್ಟದಲ್ಲಿ ಏರು 50ಕ್ಕೆ 1. ಮಾಡೆಲ್ ರೈಲಿನವರೂ ಸಾಮಾನ್ಯವಾಗಿ ಆ ಮಿತಿಯನ್ನೇ ಇಟ್ಟುಕೊಳ್ತಾರೆ. ಮೇಜಿನ ಮೇಲೆ ಹತ್ತು ಸೆಂಟಿಮೀಟರ್ ಎತ್ತರಿಸಬೇಕಂದ್ರೆ ಐದು ಮೀಟರ್ ಹಳಿ ಬೇಕು, ನನ್ನ ಹಾಲ್‌ನ ಉದ್ದ ಅಷ್ಟಿಲ್ಲ. ಈಗ ಅದೇ ಲೆಕ್ಕವನ್ನು ಹೊರಗೆ ಹಾಕಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಕರಾವಳಿಯಿಂದ 50ಕ್ಕೆ 1ರಂತೆ ಒಂದೇ ಸಮ ಏರಿದರೂ 57 ಕಿಲೋಮೀಟರ್ ಹಳಿ ಬೇಕು, ಎಲ್ಲೂ ಸಮತಟ್ಟಿಲ್ಲದೆ. ಬಸ್ಸು ಹೇರ್‌ಪಿನ್ ತಿರುವು ಹಾಕಿ ಮೇಲೆ ಬರುತ್ತೆ. ರೈಲು ಹಾಗೆ ತಿರುಗಲ್ಲ. ಅದು ಬೆಟ್ಟದ ಮೈಗೆ ಸುತ್ತು ಹಾಕಬೇಕು, ಇಲ್ಲವೇ ಬೆಟ್ಟವನ್ನು ಕೊರೀಬೇಕು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರಿನ ಕಡೆ ಬೆಟ್ಟ ಜಾರಿದ್ದನ್ನು ನಾವು ನೋಡಿದ್ದೇವೆ. ಅದೇ ಮಳೆಗೆ ಸುಬ್ರಹ್ಮಣ್ಯ ಘಟ್ಟದ ರೈಲು ಮಾರ್ಗವೂ ಮಣ್ಣಿನಡಿ ಹೋಗಿ ವಾರಗಟ್ಟಲೆ ರೈಲು ನಿಂತಿತ್ತು. 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಮತ್ತೆ ಕುಸಿಯಿತು. ಇಷ್ಟು ನೋಡಿದ ಮೇಲೂ ತಲಶ್ಶೇರಿ–ಕೊಡಗು–ಮೈಸೂರು ಮಾರ್ಗದ ಮಾತು ಬಂದಾಗ ‘ನೀನು ರೈಲು ಪ್ರೇಮಿ, ನಿನಗೆ ಖುಷಿಯೇ ಅಲ್ವಾ?’ ಅಂತ ಗೆಳೆಯರು ಕೇಳ್ತಾರೆ. ಇಲ್ಲ. ಕಾವೇರಿಯ ಜಲಾನಯನದ ಕಾಡನ್ನು, ಆನೆಯ ದಾರಿಯನ್ನು ಸೀಳಿಕೊಂಡು ಬರೋ ರೈಲು ನನಗೆ ಬೇಡ. ಎಷ್ಟೇ ಪ್ರೀತಿಯಿದ್ದರೂ ಬೇಡ. ಪ್ರೀತಿ ಇರೋದಕ್ಕೇ ಆ ಎಂಜಿನ್ನನ್ನು ಮೇಜಿನ ಮೇಲೆ ಕಟ್ಟಿಕೊಂಡಿದ್ದೇನೆ.

ಮೈಸೂರು–ಕುಶಾಲನಗರ ಮಾರ್ಗದ ಮಾತು ಬೇರೆ. ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಸುಮಾರು 87 ಕಿಲೋಮೀಟರ್, ಬಹುಮಟ್ಟಿಗೆ ಬಯಲು ಸೀಮೆ, ಘಟ್ಟ ಹತ್ತೋ ಮೊದಲೇ ನಿಲ್ಲುತ್ತೆ. ಅದಾದರೆ ದೀಪಾವಳಿಗೆ ಊರಿಗೆ ಹೋಗೋರು ಬಸ್ಸಿನ ದುಪ್ಪಟ್ಟು ದರಕ್ಕೆ ಬೈಯೋದು ಸ್ವಲ್ಪ ಕಡಿಮೆಯಾದೀತು. ವರ್ಷಗಳಿಂದ ಕಾಗದದ ಮೇಲಿದೆ. ಇದನ್ನು ಬರೆಯುವಾಗಲೂ ಹಳಿ ಬಿದ್ದಿಲ್ಲ. ಲೆಕ್ಕದ ತಮಾಷೆಯೊಂದಿದೆ: 87 ಕಿಲೋಮೀಟರನ್ನು ಎಚ್‌ಒ ಅಳತೆಯ 87ರಿಂದ ಭಾಗಿಸಿದರೆ ಸರಿಯಾಗಿ ಒಂದು ಕಿಲೋಮೀಟರ್. ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಮೂರು ಸುತ್ತು ಹಳಿ ಹಾಕಿದರೆ ಕುಶಾಲನಗರ ಬಂದೇಬಿಡುತ್ತೆ. ಅಸೋಸಿಯೇಷನ್ ಒಪ್ಪಬೇಕು, ಅಷ್ಟೇ.

ಜೀವಂತ ವೈಡಿಎಂ-4 ನೋಡಬೇಕು ಅನ್ನಿಸಿದರೆ ಊಟಿಗೆ ಹೋಗಿ. ಊಟಿ–ಕೂನೂರು ನಡುವೆ ನೀಲಿ ಡಬ್ಬಿಗಳ ಜೊತೆ ಇನ್ನೂ ಓಡ್ತಿದೆ. ಜನ ಎಲ್ಲ ಕೂನೂರಿನ ಕೆಳಗಿನ ಉಗಿ ಎಂಜಿನ್ನಿನ ಫೋಟೋ ತೆಗೀತಾರೆ. ನಾನೊಬ್ಬನೇ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ ನಿಂತು ಡೀಸೆಲ್ಲಿನ ಕಂಬಿಗಳನ್ನು ಎಣಿಸ್ತಿದ್ದೆ.

ಮನೆಯಲ್ಲಿ ಘಟ್ಟದ ಬದಲು 120 ಸೆಂಟಿಮೀಟರಿನ ಒಂದು ಹಲಗೆ ಇದೆ. ಒಂದು ತುದಿಯನ್ನು 24 ಮಿಲಿಮೀಟರ್ ಎತ್ತರಿಸಿದರೆ 50ಕ್ಕೆ 1 ಆಗುತ್ತೆ. ಅಷ್ಟು ದಪ್ಪದ ಪುಸ್ತಕ ಹುಡುಕಿ ಅಡಿಗಿಟ್ಟೆ. ಸನ್‌ಬೋರ್ಡಿನಲ್ಲಿ ಮಾಡಿದ ಪುಟ್ಟ ಸರಕು ಡಬ್ಬಿಗಳನ್ನು ಸಿಕ್ಕಿಸಿ ಬಿಟ್ಟಾಗ 6979 ಎರಡು ಡಬ್ಬಿ ಸಲೀಸಾಗಿ ಎಳೆಯಿತು. ಮೂರನೆಯದಕ್ಕೆ ಗಾಲಿ ನಿಂತಲ್ಲೇ ತಿರುಗಿತು. ಪ್ಲಾಸ್ಟಿಕ್ ಮೈ ತೀರ ಹಗುರ, ಹಳಿ ಹಿಡಿಯೋಕೆ ತೂಕ ಸಾಲದು. ಮೀನು ಗಾಳಕ್ಕೆ ಕಟ್ಟೋ ಸೀಸದ ಗುಂಡು ತಂದು ಡ್ರೈವರ್ ಕೋಣೆಯ ಕೆಳಗೂ ಉದ್ದ ಪೆಟ್ಟಿಗೆಯೊಳಗೂ ಸಮನಾಗಿ ಅಂಟಿಸಿ, ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆದು, ಮತ್ತೆ ಬಿಟ್ಟೆ. ಈಗ ನಾಲ್ಕು ಡಬ್ಬಿ ಎಳೀತಿದೆ. ಐದನೇ ಡಬ್ಬಿ ಇನ್ನೂ ಮಾಡಿಲ್ಲ, ಕಾರ್ಡು ಖಾಲಿಯಾಗಿವೆ.